ಬಜೆಟ್ ಚರ್ಚೆ ಕೇಳುವಾಗ ಛೇದ ಯಾವುದು ಅಂತ ನೋಡಿ

2014ರ ಮಾರ್ಚ್ ಕೊನೆಗೆ ಕೇಂದ್ರ ಸರ್ಕಾರದ ಮೇಲಿದ್ದ ಸಾಲ ಸುಮಾರು 58.6 ಲಕ್ಷ ಕೋಟಿ ರೂಪಾಯಿ. 2023ರ ಮಾರ್ಚ್ ಕೊನೆಗೆ ಅದು 155.6 ಲಕ್ಷ ಕೋಟಿ. ವಿರೋಧ ಪಕ್ಷದವರು ಲೋಕಸಭೆಯಲ್ಲಿ ಎದ್ದು ನಿಂತು, ಒಂಬತ್ತು ವರ್ಷದಲ್ಲಿ ಸಾಲ ಎರಡೂವರೆ ಪಟ್ಟು ದಾಟಿತು ಅಂದರೆ ಅದು ನಿಜ. ಹಣಕಾಸು ಸಚಿವರು ಎದ್ದು, ಜಿಡಿಪಿ ಲೆಕ್ಕದಲ್ಲಿ ನೋಡಿ, ಶೇ 52.2 ಇದ್ದದ್ದು ಶೇ 57.1 ಆಗಿದೆ ಅಷ್ಟೇ, ನಡುವೆ ಕೋವಿಡ್ ಬೇರೆ ಬಂದಿತ್ತು ಅಂದರೆ ಅದೂ ನಿಜ. ಟಿವಿ ಮುಂದೆ ಕೂತವರಿಗೆ ತಲೆ ಕೆಡುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳುತ್ತಿರಬೇಕಲ್ವಾ?

ಇಲ್ಲ, ಯಾರೂ ಹೇಳುತ್ತಿಲ್ಲ. ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದು ನೆನಪಿದ್ದರೆ, ಮೇಲಿರುವುದು ಅಂಶ, ಕೆಳಗಿರುವುದು ಛೇದ. ಇಬ್ಬರೂ ಹಿಡಿದಿರುವ ಅಂಶ ಒಂದೇ. ಒಬ್ಬರು ಅದಕ್ಕೆ ಛೇದವನ್ನೇ ಇಟ್ಟಿಲ್ಲ, ಇನ್ನೊಬ್ಬರು ಜಿಡಿಪಿಯನ್ನು ಇಟ್ಟಿದ್ದಾರೆ. ಸಂಸತ್ತಿನಲ್ಲಿ ಸರ್ಕಾರ ತನ್ನ ಆರ್ಥಿಕ ನೀತಿಯನ್ನು ಸಮರ್ಥಿಸಿಕೊಳ್ಳುವಾಗ ನಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಇದೇ: ಯಾವ ಅಂಕಿಯನ್ನು ಯಾವುದರಿಂದ ಭಾಗಿಸುವುದು, ಯಾವ ವರ್ಷದಿಂದ ಎಣಿಸುವುದು, ಯಾವ ಖರ್ಚನ್ನು ಯಾವ ಪುಸ್ತಕದಲ್ಲಿ ಬರೆಯುವುದು. ಈ ಮೂರನ್ನು ಗಮನಿಸುತ್ತಾ ಹೋದರೆ ಎರಡು ಗಂಟೆಯ ಗದ್ದಲದ ಭಾಷಣ ಕೂಡ ಸಾಕಷ್ಟು ಅರ್ಥವಾಗುತ್ತದೆ.

ಜಿಡಿಪಿಯಿಂದ ಭಾಗಿಸುವುದರಲ್ಲಿ ತಪ್ಪಿಲ್ಲ, ಜಗತ್ತಿನ ಎಲ್ಲ ಸರ್ಕಾರಗಳೂ ಹಾಗೇ ಮಾಡುತ್ತವೆ. ಆದರೆ ಜಿಡಿಪಿ ಸರ್ಕಾರದ ಆದಾಯವಲ್ಲ, ಇಡೀ ದೇಶದ್ದು. ಒಬ್ಬ ಮನುಷ್ಯನ ಸಾಲವನ್ನು ಅವನ ಸಂಬಳದಿಂದ ಭಾಗಿಸುವ ಬದಲು ಇಡೀ ಬೀದಿಯವರ ಸಂಬಳದಿಂದ ಭಾಗಿಸಿದ ಹಾಗೆ. (ಆ ಮನುಷ್ಯನಿಗೆ ಬೀದಿಯವರಿಂದ ತೆರಿಗೆ ಎತ್ತುವ ಅಧಿಕಾರ ಇದೆ ಅನ್ನುವುದನ್ನೂ ಮರೆಯಬಾರದು. ಅದಕ್ಕೇ ಈ ಲೆಕ್ಕ ಪೂರ್ತಿ ಅಸಂಬದ್ಧವೂ ಅಲ್ಲ.) ಸರ್ಕಾರದ ಸ್ವಂತ ಆದಾಯವನ್ನೇ ಛೇದವಾಗಿ ಇಟ್ಟರೆ ಬೇರೆ ಚಿತ್ರ ಬರುತ್ತದೆ. 2025–26ರ ಬಜೆಟ್ ಅಂದಾಜಿನಲ್ಲಿ ರಾಜಸ್ವ ಆದಾಯ (ತೆರಿಗೆ ಮುಂತಾದವುಗಳಿಂದ ಬರುವ, ವಾಪಸ್ ಕೊಡಬೇಕಿಲ್ಲದ ಹಣ) 34.20 ಲಕ್ಷ ಕೋಟಿ, ಬಡ್ಡಿ ಪಾವತಿ 12.76 ಲಕ್ಷ ಕೋಟಿ. ಅಂದರೆ ಬರುವ ಪ್ರತಿ 100 ರೂಪಾಯಿಯಲ್ಲಿ 37 ರೂಪಾಯಿ ಹಳೇ ಸಾಲದ ಬಡ್ಡಿಗೇ ಹೋಗುತ್ತದೆ. ಆಡಳಿತದಲ್ಲಿ ಯಾವ ಪಕ್ಷ ಇದ್ದರೂ ಈ ಅಂಕಿಯನ್ನು ತಾನಾಗಿ ಎತ್ತಿ ಆಡುವುದು ಅಪರೂಪ.

ಸರ್ಕಾರ ಇದನ್ನೆಲ್ಲ ಸಂಸತ್ತಿಗೆ ಬಂದು ವಿವರಿಸಬೇಕು ಯಾಕೆ? ಬಹುಮತ ಇದೆ, ಸುಮ್ನೆ ಆದೇಶ ಹೊರಡಿಸಿ ಖರ್ಚು ಮಾಡಬಹುದಲ್ಲ? ಆಗುವುದಿಲ್ಲ. ಸಂವಿಧಾನದ 265ನೇ ವಿಧಿ ಪ್ರಕಾರ ಕಾನೂನಿನ ಬೆಂಬಲವಿಲ್ಲದೆ ಒಂದು ಪೈಸೆ ತೆರಿಗೆಯನ್ನೂ ಹಾಕುವಂತಿಲ್ಲ. ಖರ್ಚಿಗೂ ಹಾಗೇ. 112ನೇ ವಿಧಿಯಂತೆ ವರ್ಷದ ಲೆಕ್ಕವನ್ನು ಸದನದ ಮುಂದೆ ಇಡಬೇಕು, 113ರಂತೆ ಪ್ರತಿ ಇಲಾಖೆಗೂ ಇಷ್ಟು ದುಡ್ಡು ಬೇಕು ಅಂತ ಲೋಕಸಭೆಯನ್ನು ಕೇಳಬೇಕು. ಇದನ್ನು ಅನುದಾನದ ಬೇಡಿಕೆ ಅನ್ನುತ್ತಾರೆ. ಬೇಡಿಕೆ ಅನ್ನುವ ಪದವೇ ಚೆನ್ನಾಗಿದೆ, ಕೇಳುವವರು ಮಂತ್ರಿಗಳು, ಕೊಡುವುದು ಸದನ. ರಾಜ್ಯಸಭೆ ಚರ್ಚಿಸಬಹುದು, ಬೇಡಿಕೆಗಳ ಮೇಲೆ ಮತ ಹಾಕುವಂತಿಲ್ಲ. ತೆರಿಗೆ, ಖರ್ಚಿಗೆ ಸಂಬಂಧಿಸಿದ ಧನ ಮಸೂದೆಯನ್ನು 14 ದಿನಗಳ ಒಳಗೆ ಲೋಕಸಭೆಗೆ ವಾಪಸ್ ಕಳಿಸಬೇಕು.

ಕೊಡುವುದಿಲ್ಲ ಅನ್ನಲು ಸದಸ್ಯರ ಕೈಯಲ್ಲಿರುವ ಅಸ್ತ್ರ ಕಡಿತ ಸೂಚನೆ. ಅದರಲ್ಲಿ ಒಂದು ಬಗೆ ತುಂಬ ಸ್ವಾರಸ್ಯವಾದದ್ದು: ಈ ಇಲಾಖೆಯ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಅಂತ ಕೇಳುವುದು. ಅಂದರೆ ನಿಮ್ಮ ನೀತಿಯೇ ನಮಗೆ ಒಪ್ಪಿಗೆ ಇಲ್ಲ ಅಂತ ಅರ್ಥ. ಇನ್ನೊಂದರಲ್ಲಿ 100 ರೂಪಾಯಿ ಮಾತ್ರ ಕಡಿಮೆ ಮಾಡಿ ಅನ್ನುತ್ತಾರೆ, ಒಂದು ನಿರ್ದಿಷ್ಟ ದೂರನ್ನು ದಾಖಲಿಸಲು. ಖರ್ಚು ಜಾಸ್ತಿಯಾಯಿತು, ಇಷ್ಟು ಮೊತ್ತ ಕಳೆಯಿರಿ ಅನ್ನುವುದು ಮೂರನೆಯದು. ಮೊತ್ತ ಎಷ್ಟೇ ಚಿಕ್ಕದಿರಲಿ, ಇಂಥ ಸೂಚನೆ ಗೆದ್ದರೆ ಸರ್ಕಾರಕ್ಕೆ ಸದನದ ವಿಶ್ವಾಸ ಇಲ್ಲ ಅಂತಲೇ ಆಗುತ್ತದೆ, ರಾಜೀನಾಮೆ ಕೊಡಬೇಕಾಗುತ್ತದೆ. 2010ರ ಏಪ್ರಿಲ್‌ನಲ್ಲಿ ಬೆಲೆ ಏರಿಕೆ ವಿಚಾರವಾಗಿ ಬಿಜೆಪಿ, ಎಡಪಕ್ಷಗಳು ತಮ್ಮ ತಮ್ಮ ಕಡಿತ ಸೂಚನೆ ತಂದಾಗ ದೆಹಲಿಯಲ್ಲಿ ಸ್ವಲ್ಪ ಹೊತ್ತು ನಿಜವಾದ ಬಿಸಿ ಇತ್ತು. ಮಾಯಾವತಿಯವರ ಬಿಎಸ್‌ಪಿ ಆಗ ಅಧಿಕಾರದಲ್ಲಿದ್ದ ಕಾಂಗ್ರೆಸ್ ನೇತೃತ್ವದ ಯುಪಿಎ ಕೈ ಹಿಡಿಯಿತು, ಆಗ ಬಿಜೆಪಿ ಜೊತೆ ಸೇರಿ ಜಾರ್ಖಂಡ್ ಆಳುತ್ತಿದ್ದ ಶಿಬು ಸೊರೇನ್ ದೆಹಲಿಯಲ್ಲಿ ಯುಪಿಎಗೇ ಮತ ಹಾಕಿದರು, 289–201ರಲ್ಲಿ ಸರ್ಕಾರ ಉಳಿಯಿತು.

ಇನ್ನೊಂದು ವಿಷಯ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಎಲ್ಲ ಖರ್ಚಿನ ಮೇಲೂ ಸದನ ಮತ ಹಾಕುವುದಿಲ್ಲ. ರಾಷ್ಟ್ರಪತಿಗಳ ವೇತನ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವೇತನ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವೇತನ, ಜೊತೆಗೆ ಸಾಲದ ಬಡ್ಡಿ, ಇವೆಲ್ಲ ನೇರವಾಗಿ ಸಂಚಿತ ನಿಧಿಯ (ಸರ್ಕಾರದ ಮುಖ್ಯ ಖಜಾನೆಯ) ಮೇಲೆ ಬೀಳುವ ಖರ್ಚುಗಳು. ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ಮೇಲೆ ಹೇಳಿದ 12.76 ಲಕ್ಷ ಕೋಟಿ ಬಡ್ಡಿ ಈ ಗುಂಪಿನದ್ದು. ಇದಕ್ಕೆ ಕಾರಣವೂ ಇದೆ, ರಾಜಕೀಯ ಜಗಳದಲ್ಲಿ ದೇಶ ಬಡ್ಡಿ ಕಟ್ಟದೆ ನಿಂತುಬಿಡಬಾರದು. ಆದರೂ ಬಜೆಟ್‌ನ ಕಾಲು ಭಾಗದಷ್ಟು ಖರ್ಚಿಗೆ ಜನಪ್ರತಿನಿಧಿಗಳು ಹೂಂ ಅನ್ನಬೇಕಾಗಿಯೂ ಇಲ್ಲ, ಊಹೂಂ ಅನ್ನುವಂತೆಯೂ ಇಲ್ಲ.

ಈಗ ಕೊರತೆಗೆ ಬರೋಣ. ಸದನದಲ್ಲಿ ಅತಿ ಹೆಚ್ಚು ಕೇಳುವ ಪದ ವಿತ್ತೀಯ ಕೊರತೆ. 2025–26ರ ಬಜೆಟ್ ಅಂದಾಜನ್ನೇ ಹಿಡಿಯೋಣ. ಒಟ್ಟು ಖರ್ಚು 50.65 ಲಕ್ಷ ಕೋಟಿ. ಸಾಲ ಬಿಟ್ಟು ಉಳಿದೆಲ್ಲ ಆದಾಯ 34.96 ಲಕ್ಷ ಕೋಟಿ. ನಡುವಿನ ಅಂತರ 15.69 ಲಕ್ಷ ಕೋಟಿ, ಅದೇ ವಿತ್ತೀಯ ಕೊರತೆ, ಜಿಡಿಪಿಯ ಶೇ 4.4. ಸರಳ.

ಸರ್ಕಾರದ ವಾದ ಶುರುವಾಗುವುದು ಇಲ್ಲಿಂದ. ಸಾಲ ತಂದು ತಿಂದು ಹಾಕಿಲ್ಲ, ರಸ್ತೆ, ರೈಲು ಕಟ್ಟಿದ್ದೇವೆ ಅನ್ನುವುದು ಅದರ ಮುಖ್ಯ ಸಾಲು. ಅದಕ್ಕೆ ಆಧಾರವೂ ಇದೆ. 2019–20ರಲ್ಲಿ 3.36 ಲಕ್ಷ ಕೋಟಿ ಇದ್ದ ಬಂಡವಾಳ ವೆಚ್ಚ 2025–26ರ ಅಂದಾಜಿನಲ್ಲಿ 11.21 ಲಕ್ಷ ಕೋಟಿ, ಮೂರು ಪಟ್ಟಿಗಿಂತ ಜಾಸ್ತಿ. ಆದರೆ ಈ ಅಂಕಿಯ ಒಳಗೂ ಕೈ ಹಾಕಿ ನೋಡಬೇಕು. ರಾಜ್ಯಗಳಿಗೆ ಕೊಡುವ 1.5 ಲಕ್ಷ ಕೋಟಿಯ 50 ವರ್ಷದ ಬಡ್ಡಿರಹಿತ ಸಾಲವೂ ಕೇಂದ್ರದ ಬಂಡವಾಳ ವೆಚ್ಚ ಅಂತಲೇ ಲೆಕ್ಕ. ಮತ್ತೆ, 15.69 ಲಕ್ಷ ಕೋಟಿ ಕೊರತೆಯಲ್ಲಿ 5.24 ಲಕ್ಷ ಕೋಟಿ ರಾಜಸ್ವ ಕೊರತೆ. ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿಯಂಥ ದಿನನಿತ್ಯದ ಖರ್ಚಿಗೇ ಸಾಲದ ಮೂರನೇ ಒಂದು ಭಾಗ ಹೋಗುತ್ತದೆ ಅಂತ ಅರ್ಥ. ಇನ್ನೂ ಒಂದು ಬಗೆಯಲ್ಲಿ ಕತ್ತರಿಸಬಹುದು: ಕೊರತೆಯಿಂದ ಬಡ್ಡಿಯನ್ನು ಕಳೆದರೆ ಉಳಿಯುವುದು 2.93 ಲಕ್ಷ ಕೋಟಿ ಮಾತ್ರ, ಇದನ್ನು ಪ್ರಾಥಮಿಕ ಕೊರತೆ ಅನ್ನುತ್ತಾರೆ. ಅಯ್ಯೋ ಇಷ್ಟೇನಾ, ಈ ವರ್ಷದ ಸರ್ಕಾರ ಅಷ್ಟೇನೂ ದುಂದು ಮಾಡುತ್ತಿಲ್ಲ ಅಂತ ಒಬ್ಬರು ಓದಬಹುದು. ಹೊಸ ಸಾಲದ ಹೆಚ್ಚಿನ ಪಾಲು ಹಳೇ ಸಾಲದ ಬಡ್ಡಿಗೇ ಸಮ ಅಂತ ಇನ್ನೊಬ್ಬರು ಓದಬಹುದು. ಒಂದೇ ಪುಟ, ಎರಡು ಭಾಷಣ.

ಕೊಟ್ಟ ಮಾತು ಉಳಿಸಿಕೊಂಡೆವು ಅನ್ನುವುದು ಸರ್ಕಾರದ ಇನ್ನೊಂದು ಸಮರ್ಥನೆ. ಕೋವಿಡ್ ವರ್ಷ 2020–21ರಲ್ಲಿ ಕೊರತೆ ಶೇ 9.2ಕ್ಕೆ ಹೋಗಿತ್ತು. 2021ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್, 2025–26ರ ಹೊತ್ತಿಗೆ ಶೇ 4.5ರ ಕೆಳಗೆ ತರುತ್ತೇವೆ ಅಂತ ಹೇಳಿದ್ದರು. ಆ ವರ್ಷದ ಬಜೆಟ್ ಶೇ 4.4 ಅಂತಲೇ ಬಂತು. ಇದು ಸಣ್ಣ ವಿಷಯವಲ್ಲ, ನನ್ನ ಪ್ರಕಾರ ಈ ಸರ್ಕಾರದ ಸಮರ್ಥನೆಗಳಲ್ಲಿ ಅತಿ ಗಟ್ಟಿಯಾದದ್ದು ಇದೇ. ಆದರೆ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇಟ್ಟ ಗುರಿ ಶೇ 3. ಆ ಗುರಿಯೊಳಗೆ ಕೇಂದ್ರ ಬಂದದ್ದು ಒಂದೇ ವರ್ಷ, 2007–08ರಲ್ಲಿ, ಶೇ 2.5. ಈಗ ಗುರಿಯ ಅಳತೆಗೋಲೇ ಬದಲಾಗಿದೆ. ವರ್ಷದ ಕೊರತೆಯ ಬದಲು, 2031ರ ಮಾರ್ಚ್ ಹೊತ್ತಿಗೆ ಸಾಲ ಜಿಡಿಪಿಯ ಶೇ 50ರ ಆಸುಪಾಸು ಇರಬೇಕು ಅನ್ನುವ ಲೆಕ್ಕ.

ಆ ಒಂದು ಒಳ್ಳೆಯ ವರ್ಷದಲ್ಲೂ ಒಂದು ಗುಟ್ಟಿದೆ. ಆಗ ತೈಲ ಕಂಪನಿಗಳು ಪೆಟ್ರೋಲ್, ಡೀಸೆಲ್, ಅಡುಗೆ ಅನಿಲವನ್ನು ನಷ್ಟಕ್ಕೆ ಮಾರುತ್ತಿದ್ದವು. ಆ ನಷ್ಟ ತುಂಬಿಕೊಡಲು ಯುಪಿಎ ಸರ್ಕಾರ ನಗದು ಕೊಡದೆ ಬಾಂಡ್ ಕೊಟ್ಟಿತು, ಅಂದರೆ ಮುಂದೆ ಯಾವತ್ತೋ ಕೊಡುತ್ತೇವೆ ಅನ್ನುವ ಚೀಟಿ. ನಗದು ಹೋಗಲಿಲ್ಲ, ಹಾಗಾಗಿ ಆ ವರ್ಷದ ಕೊರತೆಯಲ್ಲೂ ಕಾಣಿಸಲಿಲ್ಲ. ಗೊಬ್ಬರಕ್ಕೂ ಇದೇ ಉಪಾಯ.

ಆ ಚೀಟಿಗಳು 2021ರಲ್ಲಿ ಮತ್ತೆ ಸುದ್ದಿಯಾದವು. ಪೆಟ್ರೋಲ್ ಬೆಲೆ 100 ದಾಟಿತ್ತು, ಅಬಕಾರಿ ಸುಂಕ ಇಳಿಸಿ ಅಂತ ಒತ್ತಾಯ ಇತ್ತು. ಹಿಂದಿನ ಸರ್ಕಾರ ಬಿಟ್ಟುಹೋದ ತೈಲ ಬಾಂಡ್‌ಗಳ ಹೊರೆ ಇಲ್ಲದಿದ್ದರೆ ಸುಂಕ ಇಳಿಸಬಹುದಿತ್ತು ಅನ್ನುವುದು ಹಣಕಾಸು ಸಚಿವರ ಉತ್ತರವಾಗಿತ್ತು. ಹೊರೆ ಇದ್ದದ್ದು ನಿಜ, ತೀರಿಸಬೇಕಾದ ಅಸಲು ಸುಮಾರು 1.3 ಲಕ್ಷ ಕೋಟಿ. ಈಗ ಛೇದ ಹುಡುಕಿ. 2020–21ರಲ್ಲಿ ಪೆಟ್ರೋಲ್, ಡೀಸೆಲ್ ಮೇಲಿನ ಅಬಕಾರಿ ಸುಂಕದಿಂದ ಬಂದ ಹಣ ಸುಮಾರು 3.35 ಲಕ್ಷ ಕೋಟಿ ಅಂತ ಸರ್ಕಾರವೇ ಲೋಕಸಭೆಗೆ ತಿಳಿಸಿತ್ತು. ಬಾಂಡ್‌ಗಳ ಬಡ್ಡಿ ವರ್ಷಕ್ಕೆ ಸುಮಾರು 10,000 ಕೋಟಿ, 2021–22ರಲ್ಲಿ ಕಟ್ಟಬೇಕಿದ್ದ ಅಸಲು ಇನ್ನೊಂದು 10,000 ಕೋಟಿ. ಇಡೀ ಅಸಲನ್ನು ಒಂದೇ ವರ್ಷ ತೀರಿಸಿದ್ದರೂ ಸುಂಕದ ಅರ್ಧ ಹಣ ಉಳಿಯುತ್ತಿತ್ತು. ದಾಖಲೆ ಸರಿ, ಪ್ರಮಾಣ ಮಾತ್ರ ಹೇಳಲಿಲ್ಲ.

ಆದರೆ ಲೆಕ್ಕವನ್ನು ಬೇರೆ ಪುಸ್ತಕಕ್ಕೆ ಸರಿಸುವ ಚಾಳಿ ಒಂದೇ ಪಕ್ಷದ್ದಲ್ಲ. ಬಿಜೆಪಿ ನೇತೃತ್ವದ ಎನ್‌ಡಿಎ ಕಾಲದಲ್ಲಿ ಪಡಿತರ ಅಕ್ಕಿ ಗೋಧಿಯ ಸಬ್ಸಿಡಿಯನ್ನು ಭಾರತೀಯ ಆಹಾರ ನಿಗಮಕ್ಕೆ ಪೂರ್ತಿಯಾಗಿ ಕೊಡದೆ, ನೀವು ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ಸಾಲ ತೆಗೆದುಕೊಳ್ಳಿ ಅಂದರು. ಸಾಲ ನಿಗಮದ ಹೆಸರಲ್ಲಿ, ಕೊರತೆ ಸರ್ಕಾರದ ಪುಸ್ತಕದಿಂದ ಹೊರಗೆ. ಸಿಎಜಿ ಇದನ್ನು ಎತ್ತಿ ತೋರಿಸಿತು. 2021ರ ಬಜೆಟ್‌ನಲ್ಲಿ ಸರ್ಕಾರ ಈ ಪದ್ಧತಿ ನಿಲ್ಲಿಸಿ ಬಾಕಿಯನ್ನು ತನ್ನ ಲೆಕ್ಕಕ್ಕೆ ತಂದಾಗ ಏನಾಯಿತು ನೋಡಿ: 2020–21ಕ್ಕೆ 1.16 ಲಕ್ಷ ಕೋಟಿ ಅಂತ ಅಂದಾಜು ಮಾಡಿದ್ದ ಆಹಾರ ಸಬ್ಸಿಡಿ ಪರಿಷ್ಕೃತ ಅಂದಾಜಿನಲ್ಲಿ 4.22 ಲಕ್ಷ ಕೋಟಿ ಆಯಿತು. ಕೋವಿಡ್ ಕಾಲದ ಉಚಿತ ಧಾನ್ಯವೂ ಅದರಲ್ಲಿ ಸೇರಿದೆ, ಆದರೆ ದೊಡ್ಡ ತುಂಡು ಹಳೇ ಬಾಕಿ. ಬಚ್ಚಿಟ್ಟದ್ದನ್ನು ಹೊರಗೆ ತಂದದ್ದಕ್ಕೆ ಸರ್ಕಾರ ಬೆನ್ನು ತಟ್ಟಿಕೊಂಡಿತು. ಸರಿ, ತಟ್ಟಿಕೊಳ್ಳಲಿ. ಬಚ್ಚಿಟ್ಟದ್ದು ಯಾರು ಅಂತ ಒಂದು ಪ್ರಶ್ನೆಯೂ ಜೊತೆಗೆ ಇರಲಿ. ಇಂಥ ಬಜೆಟ್ ಹೊರಗಿನ ಸಾಲಗಳ ಲೆಕ್ಕ ಬೇಕಿದ್ದವರು ಬಜೆಟ್ ದಾಖಲೆಗಳ ಪೈಕಿ ಖರ್ಚಿನ ವಿವರದ ಪುಸ್ತಕದಲ್ಲಿ 27ನೇ ಪಟ್ಟಿ ತೆರೆದು ನೋಡಬಹುದು. ಭಾಷಣದಲ್ಲಿ ಆ ಪುಟ ಯಾರೂ ಓದುವುದಿಲ್ಲ.

ಇನ್ನು ಯಾವ ವರ್ಷದಿಂದ ಎಣಿಸುವುದು ಅನ್ನುವುದು. 2021ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಶೇ 20.1 ಬೆಳೆಯಿತು ಅಂತ ಅಂಕಿ ಬಂದಾಗ ಸಂಭ್ರಮ ಜೋರಾಗಿತ್ತು. ಹಿಂದಿನ ವರ್ಷದ ಅದೇ ಮೂರು ತಿಂಗಳಲ್ಲಿ ಲಾಕ್‌ಡೌನ್‌ನಿಂದ ಶೇ 24.4 ಕುಸಿದಿತ್ತು. 100 ಇದ್ದದ್ದು 75.6ಕ್ಕೆ ಬಿತ್ತು, ಅದರ ಮೇಲೆ ಶೇ 20.1 ಸೇರಿಸಿದರೆ ಸುಮಾರು 90.8. ಎರಡು ವರ್ಷದ ಹಿಂದಿದ್ದ ಜಾಗಕ್ಕೇ ಇನ್ನೂ ತಲುಪಿರಲಿಲ್ಲ. ಬಾವಿಗೆ ಬಿದ್ದವನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೇಲೆ ಬಂದದ್ದು ಒಳ್ಳೆಯದೇ, ಆದರೆ ಅದನ್ನು ಬೆಟ್ಟ ಹತ್ತಿದ ಲೆಕ್ಕದಲ್ಲಿ ಹೇಳಿದರೆ ಹೇಗೆ? ವಿರೋಧ ಪಕ್ಷಗಳೂ ಇದೇ ಆಟ ಆಡುತ್ತವೆ, ಕುಸಿತದ ವರ್ಷವನ್ನೇ ಹಿಡಿದು ಇಡೀ ಅವಧಿಯನ್ನು ಅಳೆಯುತ್ತವೆ.

ಕರ್ನಾಟಕದವರಿಗೆ ಛೇದದ ಜಗಳ ಚೆನ್ನಾಗಿ ಗೊತ್ತು. ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ ಕೊಟ್ಟದ್ದು ಶೇ 4.713, 15ನೇ ಆಯೋಗ ಕೊಟ್ಟದ್ದು ಶೇ 3.647. 2024ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವರು, ಶಾಸಕರು ಜಂತರ್ ಮಂತರ್‌ನಲ್ಲಿ ಕೂತದ್ದು ಇದಕ್ಕೇ. ಅದೇ ದಿನಗಳಲ್ಲಿ ಸಂಸತ್ತಿನಲ್ಲಿ ಕೇಂದ್ರದ ಉತ್ತರ ಎರಡು ಬಗೆಯದಾಗಿತ್ತು. ಒಂದು, ರೂಪಾಯಿ ಲೆಕ್ಕದಲ್ಲಿ ಕರ್ನಾಟಕಕ್ಕೆ ಹಿಂದಿನ ಹತ್ತು ವರ್ಷಗಳಿಗಿಂತ ಬಹಳ ಜಾಸ್ತಿ ಬಂದಿದೆ. ಎರಡು, ಪಾಲು ನಿಗದಿ ಮಾಡುವುದು ಹಣಕಾಸು ಆಯೋಗ, ಅದನ್ನು ಬದಲಾಯಿಸುವುದು ಸಚಿವರ ಇಷ್ಟಕ್ಕೆ ಬಿಟ್ಟದ್ದಲ್ಲ. ಎರಡೂ ಸರಿ. ರೂಪಾಯಿ ಜಾಸ್ತಿಯಾಗದೆ ಏನು, ಹತ್ತು ವರ್ಷದಲ್ಲಿ ತೆರಿಗೆ ಸಂಗ್ರಹವೇ ಬೆಳೆದಿದೆ, ಎಲ್ಲ ರಾಜ್ಯಗಳಿಗೂ ಜಾಸ್ತಿಯಾಗಿದೆ. ಪಾಲಿನ ಪ್ರಶ್ನೆಗೆ ಮೊತ್ತದ ಉತ್ತರ ಕೊಟ್ಟರೆ ಉತ್ತರ ಕೊಟ್ಟ ಹಾಗೂ ಆಗುತ್ತದೆ, ಕೊಡದ ಹಾಗೂ ಆಗುತ್ತದೆ. ಆಯೋಗದ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ ಶೇ 45 ತೂಕ ಇತ್ತು, ಹಾಗಾಗಿ ಆದಾಯ ಹೆಚ್ಚಿರುವ ರಾಜ್ಯಕ್ಕೆ ಪಾಲು ಇಳಿಯಿತು. ಬಡ ರಾಜ್ಯಕ್ಕೆ ಹೆಚ್ಚು ಹೋಗುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆಯೋಗವನ್ನು ತೋರಿಸಿ ಕೈ ತೊಳೆದುಕೊಳ್ಳಲಾಗದ ಒಂದು ಮೂಲೆ ಇದೆ: ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್. ಇವೆರಡರ ಹಣ ರಾಜ್ಯಗಳಿಗೆ ಹಂಚಿಕೆಯಾಗುವುದೇ ಇಲ್ಲ, ಹಾಕಬೇಕೋ ಬೇಡವೋ ಅನ್ನುವುದು ಕೇಂದ್ರದ ತೀರ್ಮಾನ.

ಇಷ್ಟೆಲ್ಲ ವಾದ ನಡೆಯುವುದು ಚರ್ಚೆ ನಡೆದರೆ. ನಡೆಯದೆಯೂ ಬಜೆಟ್ ಪಾಸಾಗುತ್ತದೆ. ನಿಗದಿಯಾದ ಕೊನೆಯ ದಿನ ಬಂದಾಗ ಚರ್ಚೆಯಾಗದೆ ಉಳಿದ ಎಲ್ಲ ಬೇಡಿಕೆಗಳನ್ನೂ ಸಭಾಧ್ಯಕ್ಷರು ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಅಂತ ಹೆಸರು, ಫ್ರಾನ್ಸಿನ ತಲೆ ಕತ್ತರಿಸುವ ಯಂತ್ರದ್ದೇ ಹೆಸರು. ಪ್ರತಿ ವರ್ಷ ಕೆಲವೇ ಇಲಾಖೆಗಳ ಬೇಡಿಕೆಗಳ ಮೇಲೆ ಮಾತಾಗುತ್ತದೆ, ಉಳಿದವು ಹೀಗೇ ದಾಟುತ್ತವೆ. 2018ರಲ್ಲಿ, ಮತ್ತೆ 2023ರಲ್ಲಿ ಗದ್ದಲದ ನಡುವೆ ಎಲ್ಲ ಬೇಡಿಕೆಗಳೂ ಚರ್ಚೆಯೇ ಇಲ್ಲದೆ ದಾಟಿದವು. 2023ರದ್ದು 45 ಲಕ್ಷ ಕೋಟಿಯ ಬಜೆಟ್. ಗದ್ದಲ ಮಾಡಿದವರು ಸರ್ಕಾರವನ್ನು ಕಟ್ಟಿಹಾಕಿದೆವು ಅಂದುಕೊಂಡಿದ್ದರೆ, ನಿಜವಾಗಿ ಅದಕ್ಕೆ ಉತ್ತರ ಕೊಡುವ ಕಷ್ಟವನ್ನೇ ತಪ್ಪಿಸಿದರು.

ಸದನದ ಆಚೆಗೂ ಈ ಭಾಷಣಗಳಿಗೆ ಕೇಳುಗರಿದ್ದಾರೆ. ಸರ್ಕಾರಕ್ಕೆ ಸಾಲ ಕೊಡುವವರು. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತ ಘೋಷಿಸಿದರು. ಅಲ್ಲಿ ಬಜೆಟ್‌ಗೆ ಸ್ವತಂತ್ರ ಸಂಸ್ಥೆಯೊಂದು ಅಂದಾಜು ಲೆಕ್ಕ ಪ್ರಕಟಿಸುವ ಪದ್ಧತಿ 2010ರಿಂದ ಇದೆ, ಆ ಲೆಕ್ಕ ಇಲ್ಲದೆಯೇ ಘೋಷಿಸಿದರು. ಸಂಸತ್ತಿನಲ್ಲಿ ಬಹುಮತ ಭದ್ರವಾಗಿತ್ತು. ಆದರೆ ಪೌಂಡ್ ಬಿತ್ತು, ಸಾಲದ ಬಡ್ಡಿ ದರ ಹಾರಿತು, ಕ್ವಾರ್ಟೆಂಗ್ ಹೋದರು, ಅಧಿಕಾರಕ್ಕೆ ಬಂದ 45ನೇ ದಿನ ಪ್ರಧಾನಿ ಲಿಜ್ ಟ್ರಸ್ ಕೂಡ ರಾಜೀನಾಮೆ ಘೋಷಿಸಿದರು. ನಮ್ಮಲ್ಲಿ ಅಂಥ ಸ್ವತಂತ್ರ ಸಂಸ್ಥೆ ಇಲ್ಲ. ಖರ್ಚಾದ ಮೇಲೆ ಸಿಎಜಿ ನೋಡುತ್ತದೆ, ಸಿಎಜಿ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡುತ್ತದೆ. ಆ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿ ಇದೆ. ಆದರೆ ಅಷ್ಟು ಹೊತ್ತಿಗೆ ದುಡ್ಡು ಹೋಗಿ ವರ್ಷಗಳಾಗಿರುತ್ತವೆ.

ಹಾಗಾದರೆ ಸರ್ಕಾರ ಯಾವಾಗಲಾದರೂ ಸೋಲುತ್ತದಾ? ಮತದಲ್ಲಿ ಸೋಲುವುದಿಲ್ಲ, ಆದರೆ ಮತದ ಮೊದಲೇ ಮೆಲ್ಲಗೆ ಹಿಂದೆ ಸರಿಯುತ್ತದೆ. 1991ರ ಜುಲೈ 24ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ರಸಗೊಬ್ಬರ ಬೆಲೆ ಶೇ 40 ಏರಿಸಿದ್ದರು. ಸ್ವಂತ ಪಕ್ಷದವರೇ ಸಿಡಿದೆದ್ದ ಮೇಲೆ ಆಗಸ್ಟ್‌ನಲ್ಲಿ ಅದು ಶೇ 30ಕ್ಕೆ ಇಳಿಯಿತು, ಸಣ್ಣ ರೈತರಿಗೆ ಏರಿಕೆಯಿಂದ ವಿನಾಯಿತಿ ಸಿಕ್ಕಿತು. 2016ರಲ್ಲಿ ಅರುಣ್ ಜೇಟ್ಲಿ ಭವಿಷ್ಯ ನಿಧಿಯಿಂದ ತೆಗೆಯುವ ಹಣದ ಶೇ 60ಕ್ಕೆ ತೆರಿಗೆ ಹಾಕುವ ಪ್ರಸ್ತಾವ ತಂದರು. ಮೊದಲು ಒಂದಿಷ್ಟು ದಿನ ಸಮರ್ಥನೆ, ಸ್ಪಷ್ಟನೆ, ಸ್ಪಷ್ಟನೆಗೆ ಸ್ಪಷ್ಟನೆ. ಬಜೆಟ್ ಮಂಡಿಸಿದ್ದು ಫೆಬ್ರುವರಿ 29ಕ್ಕೆ, ಲೋಕಸಭೆಯಲ್ಲಿ ವಾಪಸ್ ಪಡೆದದ್ದು ಮಾರ್ಚ್ 8ಕ್ಕೆ.

2024ರ ಜುಲೈ 23ರದ್ದು ಇನ್ನೂ ಹೊಸದು. ಮನೆ, ಸೈಟು ಮಾರಿದಾಗ ಬರುವ ಲಾಭಕ್ಕೆ ಇದ್ದ ಶೇ 20 ತೆರಿಗೆಯನ್ನು ಶೇ 12.5ಕ್ಕೆ ಇಳಿಸಿದರು, ಆದರೆ ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ತೆಗೆದರು. ದರ ಇಳಿದಿದೆ, ಹೆಚ್ಚಿನವರಿಗೆ ಲಾಭವೇ ಅಂತ ಸರ್ಕಾರ ವಾದಿಸಿತು. ಜನ ತಮ್ಮ ತಮ್ಮ ಮನೆಯ ಕ್ರಯಪತ್ರ ಹಿಡಿದು ಲೆಕ್ಕ ಹಾಕಿದರು. ಬೆಲೆ ನಿಧಾನವಾಗಿ ಏರಿದ ಕಡೆ ತೆರಿಗೆ ಜಾಸ್ತಿ ಬರುತ್ತಿತ್ತು. ಎರಡು ವಾರ ಕಳೆದ ಮೇಲೆ ಆಗಸ್ಟ್ 7ರಂದು ಹಣಕಾಸು ಮಸೂದೆಗೆ ತಿದ್ದುಪಡಿ ಬಂತು: ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಹಳೇ ಲೆಕ್ಕ, ಹೊಸ ಲೆಕ್ಕ, ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಕಟ್ಟಬಹುದು. ಅಂದಿನಿಂದ ಈಚೆಗೆ ಕೊಂಡವರಿಗೆ ಆ ಆಯ್ಕೆ ಇಲ್ಲ.